ಪಾಂ ದ್ಯು ಗಾರ್ ನೋಡಿದ ಮೇಲೆ ನೀಮ್‌ಗೂ ಹೋಗಿ

ಫ್ರಾನ್ಸಿನ ದಕ್ಷಿಣಕ್ಕೆ ಹೋದವರು, ನೀರು ಸಾಗಿಸಲು ರೋಮನ್ನರು ಕಟ್ಟಿದ ಪಾಂ ದ್ಯು ಗಾರ್ ಸೇತುವೆ ಮುಂದೆ ಫೋಟೋ ತೆಗೆಸಿಕೊಂಡು ಅವಿನ್ಯೋಂ ಕಡೆ ಹೊರಟುಬಿಡುತ್ತಾರೆ. ಆ ನೀರು ಯಾವ ಊರಿಗೆ ಹೋಗುತ್ತಿತ್ತು ಅಂತ ನೋಡುವವರು ಕಡಿಮೆ. ಇದಕ್ಕೆ ಎರಡು ದಿನ ಇಟ್ಟುಕೊಳ್ಳಿ. ಆ ನೀರು ಹೋಗುತ್ತಿದ್ದ ಊರು ನೀಮ್, ಅಲ್ಲೇ ಉಳಿಯಿರಿ.

ನೀಮ್‌ನಿಂದ ಸೇತುವೆಗೆ ಬಸ್ಸಿದೆ, ಆದರೆ ಜಾಸ್ತಿ ಇಲ್ಲ. ವಾಪಸ್ ಬರುವ ಬಸ್ಸಿನ ಸಮಯ ಮೊದಲೇ ನೋಡಿಕೊಳ್ಳಿ. ನಾವು ನೋಡಿರಲಿಲ್ಲ, ಒಂದೂವರೆ ಗಂಟೆ ಬಿಸಿಲಲ್ಲಿ ರಸ್ತೆ ಬದಿ ಕೂತೆವು.

ಸೇತುವೆ ಸುಮಾರು 49 ಮೀಟರ್ ಎತ್ತರ. ಕಮಾನುಗಳ ಮೂರು ಅಂತಸ್ತು, ನೆತ್ತಿಯ ಮೇಲೆ ಕಾಲುವೆ. ಕಟ್ಟಿದ್ದು ಕ್ರಿ.ಶ. ಮೊದಲನೇ ಶತಮಾನದಲ್ಲಿ. ಯುಝೆಸ್ ಹತ್ತಿರದ ಚಿಲುಮೆಯಿಂದ ನೀಮ್‌ಗೆ ನೇರವಾಗಿ ಅಳೆದರೆ 20 ಕಿ.ಮೀ. ಇರಬಹುದು. ಕಾಲುವೆ ಮಾತ್ರ ಗುಡ್ಡಗಳನ್ನು ಬಳಸಿಕೊಂಡು ಸುಮಾರು 50 ಕಿ.ಮೀ. ಬರುತ್ತದೆ. ಅಷ್ಟು ದೂರಕ್ಕೆ ಒಟ್ಟು ಇಳಿಜಾರು ಹನ್ನೆರಡು ಮೀಟರ್ ಚಿಲ್ಲರೆ, ಕಿಲೋಮೀಟರಿಗೆ ಒಂದು ಗೇಣು! ಪಂಪಿಲ್ಲ, ಮೋಟಾರಿಲ್ಲ.

ಮೇಲಿನ ಕಾಲುವೆಯೊಳಗೆ ನಡೆಯಲು ಗೈಡ್ ಜೊತೆಗೇ ಹೋಗಬೇಕು. ತಪ್ಪಿಸಿಕೊಳ್ಳಬೇಡಿ. ಗೋಡೆಗೆ ಸುಣ್ಣ ದಪ್ಪಗೆ ಕಟ್ಟಿಕೊಂಡಿದೆ, ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಕಟ್ಟುತ್ತದಲ್ವಾ, ಹಾಗೆ. ಶತಮಾನಗಳ ಕಾಲ ಕಟ್ಟಿ ಕಟ್ಟಿ ಕಾಲುವೆಯನ್ನೇ ಕಿರಿದು ಮಾಡಿದೆ. ಬೇಸಿಗೆಯಲ್ಲಾದರೆ ಟವೆಲ್ ಒಯ್ಯಿರಿ, ಕೆಳಗೆ ಗಾರ್ದೋಂ ನದಿಯಲ್ಲಿ ಈಜಬಹುದು.

ಮರುದಿನ ಬೆಳಿಗ್ಗೆ ನೀಮ್‌ನ ಕ್ಯಾಸ್ಟೆಲಂ, ಅಂದರೆ ಕಾಲುವೆಯ ನೀರು ಬಂದು ಸೇರುತ್ತಿದ್ದ ತೊಟ್ಟಿ, ಹುಡುಕಿಕೊಂಡು ಹೋಗಿ. ಮೇಸೋಂ ಕಾರೆ ದೇವಾಲಯದಿಂದ ಸ್ವಲ್ಪ ಏರು ದಾರಿ, ಹಳೇ ಕೋಟೆಯ ಪಕ್ಕ. ಟಿಕೆಟ್ ಇಲ್ಲ. ಮನೆಗಳ ನಡುವೆ ಬೇಲಿ, ಬೇಲಿಯೊಳಗೆ ಒಂದು ದುಂಡನೆಯ ಕಲ್ಲಿನ ತೊಟ್ಟಿ. ಅಗಲ ಐದೂವರೆ ಮೀಟರ್. "ಇಷ್ಟೇನಾ?" ಅಂದಳು ನನ್ನ ಹೆಂಡತಿ. ಆಮೇಲೆ ತೊಟ್ಟಿಯ ಗೋಡೆಯಲ್ಲಿರುವ ತೂತುಗಳನ್ನು ಅವಳೇ ಎರಡು ಸಲ ಎಣಿಸಿದಳು. ಹತ್ತು. ಒಂದೊಂದರಿಂದಲೂ ಸೀಸದ ಕೊಳವೆ ಹೊರಟು ಊರಿನ ಕಡೆ ಇಳಿಯುತ್ತಿತ್ತು. ಸ್ನಾನಗೃಹ, ಬೀದಿಯ ಕಾರಂಜಿ, ಉಳ್ಳವರ ಮನೆ, ಎಲ್ಲದಕ್ಕೂ ನೀರು ಹಂಚಿಕೆ ಇಲ್ಲಿಂದಲೇ. ತೊಟ್ಟಿ ಎತ್ತರದಲ್ಲಿ ಯಾಕಿದೆ ಅಂತ ಆಗ ಹೊಳೆಯುತ್ತದೆ. 1844ರಲ್ಲಿ ಅಗೆದಾಗ ಇದು ಸಿಕ್ಕಿತಂತೆ.

ಅಲ್ಲಿಂದ ಫೌಂಟೇನ್ ಉದ್ಯಾನಕ್ಕೆ ನಡೆದೇ ಹೋಗಬಹುದು. ಊರಿನ ಸ್ವಂತ ಚಿಲುಮೆ ಅಲ್ಲೇ ಇದೆ. ಅದು ಸಾಲದೇ ಐವತ್ತು ಕಿಲೋಮೀಟರ್ ಕಾಲುವೆ ತಂದರು ನೋಡಿ! ಮಧ್ಯಾಹ್ನದ ಬುತ್ತಿ ಅಲ್ಲೇ ಮರದ ನೆರಳಲ್ಲಿ ಬಿಚ್ಚಿ.