ಮಳೆ ಕಾಯುವ ಮನೆಯಿಂದ ಹಿಮ ಕಾಯುವ ಊರಿಗೆ

2023ರ ಡಿಸೆಂಬರ್ 25. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಮಳೆ ಬರುತ್ತಿತ್ತು. ಕೋಣೆಯ ಮೂಲೆಯಲ್ಲಿ ನನ್ನ ಸ್ಕೀಗಳು, ಅಂದರೆ ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದ ಹಲಗೆಗಳು, ಗೋಡೆಗೆ ಒರಗಿ ನಿಂತಿದ್ದವು. ಅಕ್ಟೋಬರಿನಲ್ಲಿ ನಮ್ಮ ವಿಶ್ವವಿದ್ಯಾಲಯದ ಸ್ಕೀ ಕ್ಲಬ್ಬಿನ ಹಿರಿಯ ಹುಡುಗಿಯೊಬ್ಬಳಿಂದ ಕೊಂಡ ಹಳೇ ಜೋಡಿ. ನನ್ನ ಹತ್ತಿರ ಬಂದ ಮೇಲೆ ಅವು ಒಂದು ದಿನವೂ ಹಿಮ ಕಂಡಿರಲಿಲ್ಲ.

ಊರಿಗೆ ಫೋನ್ ಮಾಡಿದೆ. ಅಪ್ಪನೇ ಎತ್ತಿದ.

"ಏನ್ ಯವ್ವಾ, ಹಿಮಾ ಬಿತ್ತೇನು?"

"ಇಲ್ಲಪ್ಪ, ಮಳಿ ಬರಾಕತ್ತೈತಿ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಮಗ ಬರಬೇಕಾದ ಮಳಿ ಅಲ್ಲಿ ಹೊಂಟೈತಿ ನೋಡು" ಅಂದ.

ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ. ನಾಲ್ಕು ಎಕರೆ ಹೊಲ, ಹೆಚ್ಚಾಗಿ ಗೋವಿನಜೋಳ. ಆ ವರ್ಷ ಮುಂಗಾರು ತಡವಾಗಿ ಬಂತು. ಜುಲೈಯಲ್ಲಿ ಆಸೆ ತೋರಿಸಿ ಆಗಸ್ಟಿನಲ್ಲಿ ಪೂರ್ತಿ ಕೈಕೊಟ್ಟಿತು. 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು. ತೆನೆ ಕಟ್ಟುವ ಹೊತ್ತಿಗೆ ಪೈರು ಬಾಡಿ ನಿಂತಿತ್ತು. ಅದನ್ನು ನೋಡುತ್ತಲೇ ನಾನು ಬ್ಯಾಗ್ ತುಂಬಿಕೊಂಡು ಮಣ್ಣಿನ ವಿಜ್ಞಾನ ಓದಲು ಇಲ್ಲಿಗೆ ಹೊರಟೆ. ಆಮೇಲೆ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ನಮ್ಮ ತಾಲೂಕೂ ಅದರಲ್ಲಿತ್ತು.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಇರುವುದು ಮೆಂಡೋಟಾ ಎಂಬ ದೊಡ್ಡ ಕೆರೆಯ ದಂಡೆಯ ಮೇಲೆ. ನಾನು 'ಕೆರೆ' ಅಂದರೆ ಇಲ್ಲಿನವರು ಒಪ್ಪಲಿಕ್ಕಿಲ್ಲ. ಹತ್ತಿರ ಹತ್ತಿರ 40 ಚದರ ಕಿಲೋಮೀಟರ್ ನೀರು ಅದು. ಆದರೆ ನನಗೆ ಊರಿನ ಪಕ್ಕ ನಿಂತ ನೀರೆಲ್ಲ ಕೆರೆಯೇ.

ಇಲ್ಲಿ ಕಾಲೇಜಿನ ಆಟಗಳಲ್ಲಿ ಮೂರು ತರ. ಮೇಲಿನದು ವಿಶ್ವವಿದ್ಯಾಲಯದ ಅಧಿಕೃತ ತಂಡ. ಅಮೆರಿಕನ್ ಫುಟ್‌ಬಾಲ್ ಪಂದ್ಯದ ದಿನ ಕ್ಯಾಂಪ್ ರ‍್ಯಾಂಡಲ್ ಸ್ಟೇಡಿಯಂನಲ್ಲಿ 75 ಸಾವಿರಕ್ಕೂ ಜಾಸ್ತಿ ಜನ ಸೇರುತ್ತಾರೆ. ಅಲ್ಲಿ ಆಡುವವರಿಗೆ ಸ್ಕಾಲರ್‌ಶಿಪ್, ದೊಡ್ಡ ಕೋಚ್‌ಗಳು, ಟಿವಿ ಎಲ್ಲ ಇರುತ್ತದೆ. ಕೆಳಗಿನದು ಹಾಸ್ಟೆಲ್ ಗೆಳೆಯರು ಸೇರಿ ವಾರಕ್ಕೊಮ್ಮೆ ಸುಮ್ನೆ ಆಡುವ ಪಂದ್ಯಗಳು. ಇವೆರಡರ ನಡುವೆ ಬರುವುದು ಕ್ಲಬ್ ಆಟ. ನನಗೆ ಮನಸ್ಸಿಗೆ ಹಿಡಿಸಿದ್ದು ಇದೇ. ಅಧ್ಯಕ್ಷೆ, ಖಜಾಂಚಿ, ವ್ಯಾನ್ ಓಡಿಸುವವರು, ಊಟಕ್ಕೆ ಪಾಸ್ಟಾ ಬೇಯಿಸುವವರು ಎಲ್ಲರೂ ವಿದ್ಯಾರ್ಥಿಗಳೇ. ವರ್ಷದ ಚಂದಾ ನಾವೇ ಕಟ್ಟಬೇಕು. ಬೇರೆ ಊರಿನ ಸ್ಪರ್ಧೆಗೆ ಹೋದರೆ ಒಂದು ಕೋಣೆಯಲ್ಲಿ ಐದಾರು ಮಂದಿ ಮಲಗಬೇಕು. ಯಾರೂ ಸಂಬಳಕ್ಕೆ ಆಡುವುದಿಲ್ಲ, ಹೆಸರಿಗೂ ಆಡುವುದಿಲ್ಲ. ಪರೀಕ್ಷೆಯ ಹಿಂದಿನ ದಿನವೂ ಓಡಲು ಬರುತ್ತಾರೆ.

ಶಾಲೆಯಲ್ಲಿ ನಾನು ಖೋಖೋ ಆಡಿದವಳು. ಸೆಪ್ಟೆಂಬರಿನಲ್ಲಿ ಕ್ಲಬ್ಬುಗಳೆಲ್ಲ ಮೇಜು ಹಾಕಿಕೊಂಡು ಹೊಸಬರನ್ನು ಕರೆಯುತ್ತಿದ್ದಾಗ ಸ್ಕೀ ಕ್ಲಬ್ಬಿನ ಹುಡುಗಿ "ನಿನಗೆ ಓಡೋಕೆ ಬರುತ್ತಾ?" ಅಂತ ಕೇಳಿದಳು. ಬರುತ್ತದೆ ಅಂದೆ. "ಹಾಗಾದರೆ ಉಳಿದದ್ದನ್ನು ನಾವು ಕಲಿಸುತ್ತೇವೆ" ಅಂದಳು. ಹೇಳಿದಂತೆ ಕಲಿಸಿದರು ಕೂಡ.

ಇದು ಬೆಟ್ಟದಿಂದ ಜಾರುವ ಸ್ಕೀ ಅಲ್ಲ. ಸಪಾಟು ನೆಲದಲ್ಲೂ, ಏರಿನಲ್ಲೂ ಸ್ವಂತ ಕಾಲ ಬಲದಲ್ಲಿ ಹತ್ತಾರು ಕಿಲೋಮೀಟರ್ ಹೋಗುವ ನಾರ್ಡಿಕ್ ಸ್ಕೀ. ಹಿಮ ಬೀಳುವ ಮುಂಚೆ ಗಾಲಿ ಹಚ್ಚಿದ ಗಿಡ್ಡ ಸ್ಕೀ ಹಾಕಿಕೊಂಡು ಡಾಂಬರು ದಾರಿಯ ಮೇಲೆ ಅಭ್ಯಾಸ. ಎರಡು ವಾರ ಮೊಣಕೈ, ಮೊಣಕಾಲು ತರಚಿಕೊಂಡೆ. ನಂತರ ಒಂದು ಸಂಜೆ ಇದ್ದಕ್ಕಿದ್ದಂತೆ ಎಡಗಾಲ ಮೇಲೆ ಪೂರ್ತಿ ಭಾರ ನಿಂತಿತು, ಬಲಗಾಲು ತಾನೇ ಮುಂದೆ ಬಂತು. ಆ ಸಂತೋಷ ಈಗಲೂ ಕಾಲಲ್ಲಿದೆ.

ಮೇಣದ ಕೆಲಸದ ಬಗ್ಗೆ ಹೇಳಲೇಬೇಕು. ಸ್ಕೀಯ ತಳಕ್ಕೆ ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ ಹಚ್ಚಿ, ಆರಿದ ಮೇಲೆ ಕೆರೆದು, ಬ್ರಷ್‌ನಿಂದ ಉಜ್ಜುತ್ತಾರೆ. ಯಾವ ಮೇಣ ಅನ್ನುವುದು ಹಿಮದ ಮೇಲೆ ನಿಂತಿದೆ. ಒಣ ಚಳಿಯ ಹಿಮಕ್ಕೆ ಗಟ್ಟಿ ಮೇಣ, ಒದ್ದೆ ಹಿಮಕ್ಕೆ ಮೆದು ಮೇಣ. ಕರಗಿ ಮತ್ತೆ ಗಡ್ಡೆ ಕಟ್ಟಿದ ಹಿಮವಾದರೆ, ಏರು ಹತ್ತುವಾಗ ಹಿಂದಕ್ಕೆ ಜಾರದಂತೆ ಹಿಡಿಯಲು ಕ್ಲಿಸ್ಟರ್ ಎಂಬ ಅಂಟು ಬೇಕು, ಅದು ಹಲಸಿನ ಮೇಣದ ಹಾಗೆ ಬೆರಳಿಗೆ ಹತ್ತಿದರೆ ಬಿಡುವುದಿಲ್ಲ. ಥರ್ಮಾಮೀಟರ್ ಇದ್ದರೂ ನಮ್ಮ ಕ್ಯಾಪ್ಟನ್ ಬಗ್ಗಿ ಒಂದು ಹಿಡಿ ಹಿಮ ತೆಗೆದು ಮುಷ್ಟಿಯಲ್ಲಿ ಒತ್ತಿ ನೋಡುತ್ತಾಳೆ. ಉಂಡೆ ಕಟ್ಟಿತೋ, ಪುಡಿಪುಡಿಯಾಗಿ ಉದುರಿತೋ ಅಂತ. ಮೊದಲ ಸಲ ಅದನ್ನು ನೋಡಿದಾಗ ನನಗೆ ಮಾತೇ ಬರಲಿಲ್ಲ. ಬಿತ್ತುವ ಮುಂಚೆ ಅಪ್ಪ ಮಣ್ಣಿನ ಹದ ನೋಡುವುದು ಹೀಗೇ ಅಲ್ವಾ?

ಆದರೆ ಹದ ನೋಡಲು ಹಿಮವೇ ಇರಲಿಲ್ಲ. ಅಕ್ಟೋಬರ್ ಕೊನೆಗೆ ಚೂರು ಉದುರಿ ಮಾಯವಾಯಿತು. ವಿಸ್ಕಾನ್ಸಿನ್‌ಗೆ ಅದು ದಾಖಲೆಯಲ್ಲೇ ಅತಿ ಬೆಚ್ಚಗಿನ ಡಿಸೆಂಬರ್ ಆಯಿತು. ಊರಿನ ಎಲ್ವರ್ ಪಾರ್ಕಿನಲ್ಲಿ ಯಂತ್ರದಿಂದ ಹಿಮ ಮಾಡುತ್ತಾರೆ, ನೀರನ್ನು ಮಂಜಿನಂತೆ ಗಾಳಿಗೆ ಸಿಡಿಸಿ. ಆದರೆ ಆ ಹನಿ ನೆಲ ಮುಟ್ಟುವ ಮುಂಚೆ ಹೆಪ್ಪುಗಟ್ಟಬೇಕಾದರೆ ಗಾಳಿ ಸಾಮಾನ್ಯವಾಗಿ ಶೂನ್ಯ ಡಿಗ್ರಿಗಿಂತ ತಣ್ಣಗಿರಬೇಕು. ಯಂತ್ರಕ್ಕೂ ಚಳಿ ಬೇಕು. ನಮ್ಮಲ್ಲಿ ಬೋರ್‌ವೆಲ್ ಇದ್ದರೂ ಅಂತರ್ಜಲ ಬೇಕಲ್ಲ, ಹಾಗೆ.

ಕ್ಲಬ್ಬಿನವರು ದಿನಕ್ಕೆ ಹತ್ತು ಸಲ ಫೋನಿನಲ್ಲಿ ಹವಾಮಾನ ನೋಡುತ್ತಿದ್ದರು. ಊಟದ ಮೇಜಿನಲ್ಲಿ ಅದೇ ಮಾತು. ನನ್ನ ವಿಭಾಗದ ಕೆಲವರು "ಒಳ್ಳೆ ಬಿಸಿಲು, ಅದೃಷ್ಟ ನಿಮ್ಮದು" ಅನ್ನುತ್ತಿದ್ದರು. ನನಗೆ ಮಾತ್ರ ಆ ಬಿಸಿಲು ಹಿಡಿಸಲಿಲ್ಲ. ಜೂನಿನ ನೀಲಿ ಆಕಾಶವನ್ನು ಚೆಂದ ಅನ್ನದ ಮನೆಯಲ್ಲಿ ಬೆಳೆದವಳು ನಾನು.

ಜನವರಿ 9ರಂದು ಬಂತು. 12, 13ರಂದು ಮತ್ತೆ ಬಂತು. ಒಂದು ವಾರದೊಳಗೆ ಅಡಿಗೂ ಜಾಸ್ತಿ. ಬೆನ್ನಿಗೇ ಭಯಂಕರ ಚಳಿ, ರಾತ್ರಿ ಶೂನ್ಯಕ್ಕಿಂತ ಸುಮಾರು 20 ಡಿಗ್ರಿ ಕೆಳಗೆ. ಮೂಗಿನೊಳಗಿನ ಕೂದಲು ಗಟ್ಟಿಯಾಗುತ್ತದೆ ಅಂತ ಕೇಳಿದ್ದೆ, ನಿಜವಾಗಿಯೂ ಆಗುತ್ತದೆ. 15ನೇ ತಾರೀಖು ಮೆಂಡೋಟಾ ಹೆಪ್ಪುಗಟ್ಟಿತು. ಅದನ್ನು ಹೇಳುವ ರೀತಿ ನನಗೆ ತುಂಬ ಇಷ್ಟ. ಪಿಕ್ನಿಕ್ ಪಾಯಿಂಟ್ ಎಂಬ, ನೀರಿನೊಳಕ್ಕೆ ಚಾಚಿದ ನೆಲದಿಂದ ಎದುರು ದಂಡೆಯ ಮೇಪಲ್ ಬ್ಲಫ್‌ಗೆ ದೋಣಿ ಹೋಗಲಾರದು ಅಂದರೆ ಕೆರೆ ಮುಚ್ಚಿತು, ಹೋಗುತ್ತದೆ ಅಂದರೆ ತೆರೆಯಿತು. 1850ರ ದಶಕದಿಂದ ಈ ಲೆಕ್ಕ ಇಟ್ಟಿದ್ದಾರೆ. ನೂರಾ ಅರವತ್ತಕ್ಕೂ ಹೆಚ್ಚು ವರ್ಷ ಯಾರೋ ಒಬ್ಬರು ದಂಡೆಯಲ್ಲಿ ನಿಂತು ನೋಡಿ ತಾರೀಖು ಬರೆದಿದ್ದಾರೆ.

ಆ ಹತ್ತು ದಿನ ನಾವು ಮನೆಯಲ್ಲೇ ಇರಲಿಲ್ಲ. ಬೆಳಗ್ಗೆ ಆರ್ಬೊರೇಟಂ ಕಾಡಿನ ದಾರಿ, ಸಂಜೆ ದೀಪ ಹಾಕಿದ ಎಲ್ವರ್ ಪಾರ್ಕ್. ಒಂದು ರಾತ್ರಿ ಕೆರೆಯ ದಂಡೆಯಲ್ಲಿ ನಿಂತಿದ್ದಾಗ ಹೆಪ್ಪುಗಟ್ಟಿದ ನೀರಿನೊಳಗಿಂದ ದೊಡ್ಡ ಸದ್ದು ಬಂತು, ದೂರದಲ್ಲಿ ಡೊಳ್ಳು ಬಡಿದ ಹಾಗೆ. ಹೆದರಿ ಹಿಂದೆ ಸರಿದೆ. ಚಳಿಗೆ ಹೆಪ್ಪು ಹಿಗ್ಗುತ್ತಾ ಕುಗ್ಗುತ್ತಾ ಬಿರುಕು ಬಿಡುವ ಸದ್ದು ಅದು ಅಂತ ಗೆಳತಿ ವಿವರಿಸಿದಳು. "ಕೆರೆ ಹಾಡುತ್ತಿದೆ" ಅಂದಳು. ಫೋನಿನಲ್ಲಿ ರೆಕಾರ್ಡ್ ಮಾಡಿ ಅವ್ವನಿಗೆ ಕಳಿಸಿದೆ. ಅವಳು ಮೂರು ಸಲ ಕೇಳಿ, "ಅದರ ಸನೇಕ್ಕ ಹೋಗಬ್ಯಾಡ" ಅಂತ ಮಾತ್ರ ಹೇಳಿದಳು.

ಜನವರಿ ಮುಗಿಯುವ ಮುಂಚೆ ಮಂಜು ಕವಿದು, ಮಳೆ ಬಿದ್ದು, ಎಲ್ಲ ಕರಗಿತು. ಫೆಬ್ರವರಿ 8ರಂದು ಇಲ್ಲಿಂದ ಅರ್ಧ ಗಂಟೆ ದಾರಿಯ ಇವಾನ್ಸ್‌ವಿಲ್ ಹತ್ತಿರ ಸುಂಟರಗಾಳಿ ಎದ್ದಿತು. ವಿಸ್ಕಾನ್ಸಿನ್‌ನ ದಾಖಲೆಯಲ್ಲಿ ಫೆಬ್ರವರಿಯ ಸುಂಟರಗಾಳಿ ಅದೇ ಮೊದಲು. ಮನೆಗಳು, ಕೊಟ್ಟಿಗೆಗಳು ಮುರಿದವು.

ಆ ವಾರ ತರಗತಿಯಲ್ಲಿ ಎಲ್ ನಿನೋ ಪಾಠ ಬಂತು. ಶಾಂತಸಾಗರದ ನಡುಭಾಗ ಮತ್ತು ಪೂರ್ವಭಾಗದ ನೀರು ಬೆಚ್ಚಗಾದಾಗ ಗಾಳಿಯ ದಾರಿಗಳು ಬದಲಾಗುತ್ತವೆ. ಭಾರತದಲ್ಲಿ ಮುಂಗಾರು ಸೊರಗುವ ಸಂಭವ ಜಾಸ್ತಿ. ಅಮೆರಿಕದ ಉತ್ತರ ರಾಜ್ಯಗಳಲ್ಲಿ ಚಳಿಗಾಲ ಬೆಚ್ಚಗಾಗುವ ಸಂಭವ ಜಾಸ್ತಿ. 2023ರ ಜೂನಿನಲ್ಲಿ ಶುರುವಾದ ಎಲ್ ನಿನೋ ಎರಡೂ ಕಡೆ ಕೆಲಸ ಮಾಡಿತ್ತು. ಅದರ ಜೊತೆಗೆ ಭೂಮಿಯೇ ಬಿಸಿಯಾಗುತ್ತಿದೆ. ಪರದೆಯ ಮೇಲಿನ ನಕ್ಷೆಯಲ್ಲಿ ಒಂದು ಕಡೆ ನಮ್ಮ ಹೊಲ, ಇನ್ನೊಂದು ಕಡೆ ಈ ಕೆರೆ. ನನಗೆ ಗಂಟಲು ಕಟ್ಟಿತು. ನಮ್ಮಪ್ಪನಿಗೆ ಬೆಳೆ ಹೋದದ್ದೂ ನನ್ನ ಗೆಳತಿಯರಿಗೆ ಹಿಮ ಹೋದದ್ದೂ ಒಂದೇ ನಷ್ಟ ಅಂತ ನಾನು ಹೇಳುವುದಿಲ್ಲ. ಬೆಳೆ ಹೋದರೆ ಸಾಲ ಬೆಳೆಯುತ್ತದೆ. ಆದರೆ ಕಾಯುವ ಸಂಕಟ ಒಂದೇ ತರದ್ದು. ಅದನ್ನು ಇಷ್ಟು ದೂರ ಬಂದು ಇನ್ನೊಬ್ಬರ ಮುಖದಲ್ಲಿ ನೋಡುತ್ತೇನೆ ಅಂದುಕೊಂಡಿರಲಿಲ್ಲ.

ಫೆಬ್ರವರಿ ಮಧ್ಯದಲ್ಲಿ ಎರಡು ವ್ಯಾನ್ ಮಾಡಿಕೊಂಡು ಪಕ್ಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ಗೆ ಹೋದೆವು. ಥಿಯೋಡರ್ ವರ್ತ್ ಪಾರ್ಕಿನಲ್ಲಿ ನಮ್ಮ ತರದ ಸ್ಕೀಯ ವಿಶ್ವಕಪ್. 2001ರ ನಂತರ ಅಮೆರಿಕದಲ್ಲಿ ಈ ಸ್ಪರ್ಧೆ ನಡೆದದ್ದು ಆಗಲೇ. 2020ರಲ್ಲಿ ಎಲ್ಲ ಸಿದ್ಧವಾಗಿ ಕೋವಿಡ್‌ನಿಂದ ರದ್ದಾಗಿತ್ತು. ಈ ಸಲವೂ ಯಂತ್ರದ ಹಿಮವನ್ನೇ ನಂಬಿಕೊಂಡು ಕೂತಿದ್ದರು. ಸ್ಪರ್ಧೆಗೆ ಎರಡು ಮೂರು ದಿನ ಇರುವಾಗ ನಿಜವಾದ ಹಿಮ ಬಿತ್ತು! ಮಿನೆಸೋಟದವಳೇ ಆದ ಸ್ಕೀ ಓಟಗಾರ್ತಿ ಜೆಸ್ಸಿ ಡಿಗ್ಗಿನ್ಸ್ ಬಂದಾಗ ಜನ ಕೂಗಿದ್ದು ಕಿವಿ ತುಂಬ. 18ರಂದು ಅಲಾಸ್ಕದ ಗಸ್ ಶುಮಾಕರ್ 10 ಕಿಲೋಮೀಟರ್ ಗೆದ್ದ. ದೂರದ ಓಟದಲ್ಲಿ ಅಮೆರಿಕದ ಗಂಡಸೊಬ್ಬ ವಿಶ್ವಕಪ್ ಪಂದ್ಯ ಗೆದ್ದದ್ದು 1983ರಲ್ಲಿ ಬಿಲ್ ಕೋಕ್ ಆದ ಮೇಲೆ ಇದೇ ಮೊದಲು. ನನ್ನ ಪಕ್ಕದಲ್ಲಿದ್ದ ಕ್ಯಾಪ್ಟನ್ ಅತ್ತಳು. ನಾನೂ ಅತ್ತೆ.

ಮರುವಾರ ಉತ್ತರ ವಿಸ್ಕಾನ್ಸಿನ್‌ನ ಬಿರ್ಕಿ. ಪೂರ್ತಿ ಹೆಸರು ಅಮೆರಿಕನ್ ಬಿರ್ಕೆಬೈನರ್. 1206ರಲ್ಲಿ ನಾರ್ವೆಯ ಇಬ್ಬರು ಯೋಧರು ಕೂಸಾಗಿದ್ದ ರಾಜಕುಮಾರನನ್ನು ಎತ್ತಿಕೊಂಡು ಸ್ಕೀ ಮೇಲೆ ಬೆಟ್ಟ ದಾಟಿ ಉಳಿಸಿದರಂತೆ, ಅದರ ನೆನಪಿಗೆ 1973ರಲ್ಲಿ ಶುರುವಾದ ಓಟ. ಕೇಬಲ್ ಊರಿನಿಂದ ಹೇವರ್ಡ್‌ವರೆಗೆ ಕಾಡಿನೊಳಗೆ 50 ಕಿಲೋಮೀಟರ್. 2017ರಲ್ಲಿ ಹಿಮವಿಲ್ಲದೆ ರದ್ದೇ ಆಗಿತ್ತು. ಈ ಸಲ ರದ್ದು ಮಾಡಲಿಲ್ಲ. ಯಂತ್ರದಿಂದ ಹಿಮ ಮಾಡಿ 10 ಕಿಲೋಮೀಟರಿನ ಸುತ್ತು ಹಾಸಿದರು. ನಾನು ನೀರು ಕೊಡುವ ಮೇಜಿನಲ್ಲಿ ಸ್ವಯಂಸೇವಕಿ. ಎರಡೂ ಬದಿಗೆ ಒಣಗಿದ ಎಲೆಯ ಕಂದು ಕಾಡು, ನಡುವೆ ಒಂದು ಬಿಳಿ ಪಟ್ಟಿ. ಅದರ ಮೇಲೆ ಜನ ಸುತ್ತಿ ಸುತ್ತಿ ಬರುತ್ತಿದ್ದರು. ಅಜ್ಜಿಯರು, ಅಜ್ಜಂದಿರು, ನಮ್ಮ ಕ್ಲಬ್ಬಿನ ಹುಡುಗರು. ಲೋಟ ತೆಗೆದುಕೊಳ್ಳುವಾಗ ಪ್ರತಿಯೊಬ್ಬರೂ ಥ್ಯಾಂಕ್ಸ್ ಅನ್ನುತ್ತಿದ್ದರು.

ಫೆಬ್ರವರಿ 27ರಂದು ಮ್ಯಾಡಿಸನ್‌ನಲ್ಲಿ ಉಷ್ಣತೆ ಸುಮಾರು 20 ಡಿಗ್ರಿ. ಹುಡುಗರು ಚಡ್ಡಿ ಹಾಕಿಕೊಂಡು ಹುಲ್ಲಿನ ಮೇಲೆ ಫ್ರಿಸ್ಬಿ ಎಸೆಯುತ್ತಿದ್ದರು. ಮರುದಿನ ಬೆಳಗ್ಗೆ ಮತ್ತೆ ಹೆಪ್ಪುಗಟ್ಟುವ ಚಳಿ, ಗಾಳಿ. ಅದೇ 28ರಂದು ಮೆಂಡೋಟಾ ತೆರೆಯಿತು. ಮುಚ್ಚಿದ್ದು ಬರೀ 44 ದಿನ. 1880–81ರ ಚಳಿಗಾಲದಲ್ಲಿ ಇದೇ ಕೆರೆ 161 ದಿನ ಮುಚ್ಚಿತ್ತು.

ಏಪ್ರಿಲ್‌ನಲ್ಲಿ ಕ್ಲಬ್ಬಿನವರು ಕೂಡಿ ಸ್ಕೀಗಳನ್ನು ತೊಳೆದು, ಒರೆಸಿ, ತಳಕ್ಕೆ ದಪ್ಪಗೆ ಮೇಣ ಹಚ್ಚಿದೆವು. ಈ ಮೇಣವನ್ನು ಕೆರೆಯುವುದಿಲ್ಲ. ಬೇಸಿಗೆಯಿಡೀ ತಳ ಒಣಗದಂತೆ ಹಾಗೇ ಬಿಟ್ಟು, ಮುಂದಿನ ಹಿಮ ಬಿದ್ದಾಗಲೇ ತೆಗೆಯುವುದು.

ಆ ರಾತ್ರಿ ಅಪ್ಪನಿಗೆ ಹೇಳಿದೆ. ಅಪ್ಪ ಸ್ಕೀಗೆ ಹಲಗಿ ಅಂತಾನೆ.

"ಹಲಗಿ ಎಲ್ಲಿ ಇಟ್ಟಿ?"

"ಮಂಚದ ಕೆಳಗ."

"ಛಲೋ ಆತು. ನಾನೂ ಕೂರಗಿ ಇಳಿಸೀನಿ. ತಾಳ ಒಂದು ಸೀಳೈತಿ, ಬಡಿಗ್ಯಾರ ಕಡೆ ಒಯ್ಯಬೇಕು. ರೋಹಿಣಿ ಮಳಿ ಕೂಡಾಕ ಇನ್ನ ತಿಂಗಳ ಮ್ಯಾಲೈತಿ."