ಒಂದು ಸಿಪ್ಪರ್

ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬರುವಾಗ ಪರಿಚಯದ ಅಂಕಲ್ ಒಬ್ಬರು ಕೇಳಿದರು, "ಫಾದರ್‌ಗಳಿಗೆ ಈ ರಾಜಕೀಯ ಎಲ್ಲ ಯಾಕಮ್ಮ? ಪ್ರಾರ್ಥನೆ ಮಾಡಿಕೊಂಡು ಇದ್ದರೆ ಸಾಕಲ್ವಾ?"

ನನಗೆ ತಟ್ಟನೆ ನೆನಪಾದದ್ದು ಆದಿವಾಸಿಗಳ ಪರ ನಿಂತ ಜೆಸ್ವಿಟ್ ಪಾದ್ರಿ ಫಾದರ್ ಸ್ಟ್ಯಾನ್ ಸ್ವಾಮಿ. ಅವರು ಜೈಲಲ್ಲಿ ಕೇಳಿದ ಆ ಸಿಪ್ಪರ್, ಅಂದರೆ ಚೆಲ್ಲದ ಹಾಗೆ ಹೀರಿ ಕುಡಿಯುವ ಮುಚ್ಚಳದ ಲೋಟ.

ಅವರಿಗೆ ಪಾರ್ಕಿನ್ಸನ್ಸ್ ಎಂಬ ನರರೋಗ ಇತ್ತು. ಕೈ ನಡುಗಿ ಲೋಟ ಹಿಡಿಯೋಕೇ ಆಗುತ್ತಿರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಭೀಮಾ ಕೋರೆಗಾಂವ್ ಹಿಂಸಾಚಾರದ ಪ್ರಕರಣದಲ್ಲಿ ಬಂಧಿಸಿದಾಗ ವಯಸ್ಸು 83. ಒಂದು ಸಿಪ್ಪರ್, ಒಂದು ಸ್ಟ್ರಾಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಉತ್ತರ ಕೊಡೋಕೆ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) 20 ದಿನ ಸಮಯ ಕೇಳಿತು. ನೀರು ಕುಡಿಯುವ ವಿಷಯಕ್ಕೆ! ಎಲ್ಲೆಲ್ಲಿಂದಲೋ ಜನ ಅವರಿದ್ದ ನವಿ ಮುಂಬೈನ ತಲೋಜಾ ಜೈಲಿನ ವಿಳಾಸಕ್ಕೆ ಸಿಪ್ಪರ್ ಕಳಿಸೋಕೆ ಶುರು ಮಾಡಿದರು.

ಜಾಮೀನು ಸಿಗಲಿಲ್ಲ. ವಿಚಾರಣೆಯೂ ಶುರುವಾಗಲಿಲ್ಲ. 2021ರ ಜುಲೈ 5ರಂದು ಮುಂಬೈನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಇವರು ನಮಗೇನೂ ದೂರದವರಲ್ಲ. ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ವರ್ಷಗಟ್ಟಲೆ ನಿರ್ದೇಶಕರಾಗಿದ್ದವರು. ಆಮೇಲೆ ಜಾರ್ಖಂಡ್‌ಗೆ ಹೋಗಿ ಆದಿವಾಸಿಗಳ ಜೊತೆ ಉಳಿದರು. ನಕ್ಸಲರೆಂಬ ಆರೋಪದಲ್ಲಿ ಜೈಲಲ್ಲಿ ಕೊಳೆಯುತ್ತಿದ್ದ ಹುಡುಗರ ಪರವಾಗಿ ಹೈಕೋರ್ಟಿಗೆ ಹೋದರು.

ಇದು ರಾಜಕೀಯವೇ. ಇರಲಿ. ಹಸಿದವರು, ಬಾಯಾರಿದವರು, ಸೆರೆಯಲ್ಲಿದ್ದವರು, ಇವರಿಗೆ ಮಾಡಿದ್ದು ನನಗೇ ಮಾಡಿದ ಹಾಗೆ ಅಂತ ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಶುಭಸಂದೇಶದಲ್ಲೇ ಇದೆ. ಸೆರೆಯಲ್ಲಿರುವವರನ್ನು ನೋಡೋಕೆ ಹೋದವರು, ಇವರು ಯಾಕೆ ಇನ್ನೂ ಒಳಗಿದ್ದಾರೆ ಅಂತ ಕೇಳದೆ ಬರೋದು ಹೇಗೆ?

ಅಂಕಲ್‌ಗೂ ಇಷ್ಟನ್ನೇ ಹೇಳಿದೆ. ಮುಂದಿನ ಭಾನುವಾರ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ವಿಚಾರಣಾಧೀನ ಕೈದಿಗಳನ್ನೂ ಸೇರಿಸಿ ಅಂತ ನಮ್ಮ ಗುರುಗಳನ್ನು ಕೇಳುತ್ತೇನೆ. ನಿಮ್ಮ ನಿಮ್ಮ ಚರ್ಚಿನಲ್ಲೂ ಕೇಳಿ ನೋಡಿ.