ಷಷ್ಠಿಯ ಮುಕ್ಕಾಲು

5 ಜನವರಿ 2025, ಭಾನುವಾರ
ಡೊಂಬಿವಲಿ, ರಾತ್ರಿ ಹತ್ತೂವರೆ

ಕಾಲ್ಬೆರಳ ಸಂದಿಯಲ್ಲಿ ಇನ್ನೂ ಮರಳಿದೆ. ಎರಡು ಸಲ ತೊಳೆದೆ, ಹೋಗಿಲ್ಲ. ಇವರೂ ಮಗಳೂ ಮಲಗಿಯಾಯಿತು. ಅತ್ತೆ ಮಾತ್ರ ಅಡುಗೆಮನೆಯಲ್ಲಿ ಕ್ಯಾಲೆಂಡರ್ ಮುಂದೆ ನಿಂತಿದ್ದಾರೆ. ಯಾಕೆ ಅಂತ ಆಮೇಲೆ ಬರೆಯುತ್ತೇನೆ.

ಮುಂಬೈಯಿಂದ ಸಮುದ್ರದಾಚೆಯ ಅಲಿಬಾಗ್‌ಗೆ ಹೋಗೋಣ ಅಂತ ಇವರು ದೀಪಾವಳಿಯಿಂದ ಹೇಳುತ್ತಿದ್ದರು. ಮಳೆಗಾಲದಲ್ಲಿ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿ ಇರಲ್ಲ, ಬೇಸಿಗೆಯಲ್ಲಿ ಮರಳು ಕಾಲು ಸುಡುತ್ತೆ. ಹೋದರೆ ಈಗಲೇ ಹೋಗಬೇಕು. ಅತ್ತೆ ಹಾಸನದಿಂದ ಬಂದು ತಿಂಗಳಾಯಿತು. "ಉಪ್ಪುನೀರಲ್ಲಿ ಏನಮ್ಮ ನೋಡೋದು? ನೀವು ಹೋಗ್ಬನ್ನಿ" ಅಂದರು. ಮೊಮ್ಮಗಳು ಬಿಡಬೇಕಲ್ಲ.

ಬೆಳಿಗ್ಗೆ ಐದೂ ಇಪ್ಪತ್ತಕ್ಕೆ ಮನೆ ಬಿಟ್ಟೆವು. ಭಾನುವಾರ ಅಂದರೆ ಹಳಿ ರಿಪೇರಿಗೆ ರೈಲು ನಿಲ್ಲಿಸುವ ಮೆಗಾ ಬ್ಲಾಕ್, ತಡವಾದರೆ ಲೋಕಲ್ ನಂಬುವ ಹಾಗಿಲ್ಲ. ಗೇಟ್‌ವೇಯಲ್ಲಿ ಹತ್ತುವ ಮುಂಚೆಯೇ ಎಲ್ಲರ ಕೈಗೂ ಲೈಫ್ ಜಾಕೆಟ್ ಕೊಟ್ಟರು. ಡಿಸೆಂಬರ್ 18ರಂದು ಎಲಿಫೆಂಟಾಗೆ ಹೊರಟ ದೋಣಿ ಮುಳುಗಿ ಇನ್ನೂ ಮೂರು ವಾರ ಆಗಿಲ್ಲ. ಬೇರೆ ದಿನವಾಗಿದ್ದರೆ ಜನ ಅದನ್ನು ಸೀಟಿನ ಕೆಳಗೆ ತಳ್ಳುತ್ತಿದ್ದರು. ಇವತ್ತು ಯಾರೂ ತೆಗೆಯಲಿಲ್ಲ. ಸೀರೆ, ಅದರ ಮೇಲೆ ಸ್ವೆಟರ್, ಅದರ ಮೇಲೆ ಕಿತ್ತಳೆ ಜಾಕೆಟ್. ಅತ್ತೆಯ ಮುಖ ಮಾತ್ರ ಕಾಣುತ್ತಿತ್ತು.

ದಡ ಬಿಡುತ್ತಲೇ ಹಕ್ಕಿಗಳು ಬೆನ್ನು ಹತ್ತಿದವು. ಚಳಿಗಾಲಕ್ಕೆ ಉತ್ತರದಿಂದ ಬರುವ ಸೀಗಲ್‌ಗಳು. ಕೆಲವು ಲಡಾಖ್ ಕಡೆಯ ಸರೋವರಗಳಲ್ಲಿ ಮರಿ ಮಾಡಿ ಇಲ್ಲಿಗೆ ಇಳಿಯುತ್ತವೆ. ಅಷ್ಟು ದೂರ ಹಾರಿ ಬಂದ ಹಕ್ಕಿಗೆ ನಾವು ಕೊಡುವುದು ಏನು? ಗಾಠಿಯಾ, ಕಡಲೆಹಿಟ್ಟಿನ ಕುರುಕಲು. ಮಗಳೂ ಒಂದು ಪೊಟ್ಟಣ ಬೇಕು ಅಂದಳು. ಕೊಡಿಸಲಿಲ್ಲ. ಆಚೆ ದಡದಲ್ಲಿ ದೋಣಿ ಇಳಿಸುವ ಮಾಂಡ್ವಾ ಬರುವವರೆಗೂ ಮಾತು ಬಿಟ್ಟಿದ್ದಳು.

ಅಲಿಬಾಗ್‌ನಲ್ಲಿ ಇವರು ನಿಧಾನಕ್ಕೆ ಮಿಸಳ್ ತಿನ್ನಿಸಿದರು, ಎರಡೆರಡು ಚಹಾ ಬೇರೆ. "ಆತುರ ಇಲ್ಲ. ಹೋದ ಸಲ ಹನ್ನೆರಡಕ್ಕೇ ಕೋಟೆಗೆ ನಡೆದುಕೊಂಡು ಹೋಗಿದ್ದೆವು." ಕೊಲಾಬಾ ಕೋಟೆ ಸಮುದ್ರದೊಳಗಿದೆ. ನೀರು ಇಳಿದಾಗ ಕಾಲ್ನಡಿಗೆ, ಏರಿದಾಗ ದೋಣಿ. ಹೋದ ಸಲದ ಹನ್ನೆರಡು ಈ ಸಲದ ಹನ್ನೆರಡಲ್ಲ ಅನ್ನುವುದು ಇಪ್ಪತ್ತು ವರ್ಷ ಮುಂಬೈಯಲ್ಲಿದ್ದವರಿಗೆ ಹೊಳೆಯಲೇ ಇಲ್ಲ!

ಬೀಚಿಗೆ ಬಂದಾಗ ಹನ್ನೊಂದು. ಟಾಂಗಾದವನೊಬ್ಬನನ್ನು, ನೀರು ಇಳಿಯಲು ಇನ್ನೂ ಎಷ್ಟು ಹೊತ್ತಿದೆ ಅಂತ ಕೇಳಿದೆವು. ಅವನು ತಿರುಗಿ ಕೇಳಿದ, "ಆಜ್ ತಿಥಿ ಕಾಯ್?"

ಅತ್ತೆಗೆ ಮರಾಠಿ ಬರಲ್ಲ. ಒಂದೇ ಪದ ಕಿವಿಗೆ ಬಿತ್ತು. ಗಾಬರಿಯಾಗಿ "ಯಾರದಪ್ಪಾ ತಿಥಿ?" ಅಂದರು.

ನಾವು ನಕ್ಕು ಮುಗಿಸಿ ಬಿಡಿಸಿ ಹೇಳುವಷ್ಟರಲ್ಲಿ ಅವರೇ, "ಓ ಅದಾ? ಪುಷ್ಯ ಶುದ್ಧ ಷಷ್ಠಿ" ಅಂದರು. ನಮ್ಮಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

ಟಾಂಗಾದವನು ಬೆರಳು ಮಡಚಿದ. ತಿಥಿಯ ಮುಕ್ಕಾಲು ಭಾಗ, ಅದೇ ಭರತಿಯ ಗಂಟೆ. ಆರರ ಮುಕ್ಕಾಲು ನಾಲ್ಕೂವರೆ. ಸಂಜೆ ನಾಲ್ಕೂವರೆಗೆ ಸಮುದ್ರ ಪೂರ್ತಿ ತುಂಬುತ್ತೆ. ಅದಕ್ಕೆ ಆರು ಗಂಟೆ ಚಿಲ್ಲರೆ ಮೊದಲು, ಅಂದರೆ ಹತ್ತೂಕಾಲರ ಸುಮಾರಿಗೆ ಪೂರ್ತಿ ಇಳಿದಿತ್ತು. ಈಗಾಗಲೇ ಏರಲು ಶುರು. ಷಷ್ಠಿ, ಅಷ್ಟಮಿಗೆ ಅಮಾವಾಸ್ಯೆಯಷ್ಟು ನೀರು ಇಳಿಯುವುದೂ ಇಲ್ಲ. ಒಂದು ಗಂಟೆಯೊಳಗೆ ವಾಪಸ್ ಬನ್ನಿ ಅಂದ. ಇವರು ಹನ್ನೆರಡಕ್ಕೆ ನಡೆದಿದ್ದು ಅಷ್ಟಮಿಯೋ ನವಮಿಯೋ ಇರಬೇಕು.

ಹೋಗುವಾಗ ನೀರು ಪಾದದ ಮೇಲಷ್ಟೇ. ಕೆಳಗೆ ಬಂಡೆ, ಪಾಚಿ, ಚೂಪು ಚಿಪ್ಪು. ಚಪ್ಪಲಿ ಕೈಯಲ್ಲಿ ಹಿಡಿದದ್ದು ತಪ್ಪಾಯಿತು. ಅತ್ತೆ ನನ್ನ ಮೊಣಕೈ ಹಿಡಿದು, ಸೀರೆ ಎತ್ತಿ ಕಟ್ಟಿ, ಗದ್ದೆಯ ಬದುವಿನ ಮೇಲೆ ಹೋಗುವವರ ಹಾಗೆ ನಡೆದರು.

ಕೋಟೆಯೊಳಗೆ ಓಡಾಟವೇ ಓಡಾಟ. ಶಿವಾಜಿಯ ಕಾಲದ್ದು, ಆಮೇಲೆ ಮರಾಠರ ನೌಕಾ ಸೇನಾಪತಿ ಕಾನ್ಹೋಜಿ ಆಂಗ್ರೆಯ ನೆಲೆ. ಯಾರ್ಕ್‌ಶೈರಿನಲ್ಲಿ ಎರಕ ಹೊಯ್ದ ಎರಡು ಇಂಗ್ಲಿಷ್ ತೋಪುಗಳ ಮುಂದೆ ಮಗಳ ಫೋಟೋ, ಸಿದ್ಧಿವಿನಾಯಕನಿಗೆ ಕೈಮುಗಿತ. ಸುತ್ತ ಉಪ್ಪು ಸಮುದ್ರ, ಮಧ್ಯೆ ಸಿಹಿನೀರಿನ ಬಾವಿ. ಅತ್ತೆ ನಿಂತು ನೋಡಿದ್ದು ಅದೊಂದನ್ನೇ.

ಬರುವಾಗ ನೀರು ಮೊಣಕಾಲಿಗೆ ಬಂದಿತ್ತು. ಅತ್ತೆಯನ್ನು ಟಾಂಗಾ ಹತ್ತಿಸಿದೆವು. ಅದೇ ಟಾಂಗಾದವನು. ದುಡ್ಡು ಜಾಸ್ತಿಯೇ ಕೇಳಿದ, ಇವರು ಚೌಕಾಸಿ ಮಾಡದೆ ಕೊಟ್ಟರು. ಮಾಡುವ ಮುಖ ಎಲ್ಲಿತ್ತು?

ಮಧ್ಯಾಹ್ನದ ಊಟ ಇವರ ಆಫೀಸಿನ ಗೆಳೆಯರೊಬ್ಬರ ತೋಟದ ಮನೆಯಲ್ಲಿ. ಪೋಪಟಿ. ರಾಯಗಡದ ಕಡೆ ಚಳಿಗಾಲದ ರಾತ್ರಿ ಹಾಕುವಂಥದ್ದು, ನಮಗೋಸ್ಕರ ಹಗಲಲ್ಲೇ ಹಾಕಿದ್ದರು. ಮಡಕೆಯ ತಳಕ್ಕೆ ಭಾಂಬುರ್ಡಾ ಅನ್ನುವ ಕಾಡುಗಿಡದ ಸೊಪ್ಪು, ಅದರ ಮೇಲೆ ಉಪ್ಪು, ಓಮ ಕಲಸಿದ ವಾಲ್ ಕಾಯಿ, ಆಲೂಗಡ್ಡೆ, ಮೊಟ್ಟೆ. ಬಾಯಿಗೆ ಮತ್ತೆ ಅದೇ ಸೊಪ್ಪು ತುರುಕಿ, ಮಡಕೆ ಬೋರಲು ಹಾಕಿ, ಸುತ್ತ ಒಣ ತೆಂಗಿನ ಗರಿ, ಹುಲ್ಲು ಒಟ್ಟಿ ಬೆಂಕಿ. ಒಂದು ತೊಟ್ಟು ನೀರಿಲ್ಲ. ಅರ್ಧ ಗಂಟೆಯ ಮೇಲೆ ಆ ಮನೆಯ ಅಮ್ಮ ಮಡಕೆಯ ಮೇಲೆ ನೀರು ಚಿಮುಕಿಸಿದರು. ಚುರ್ ಅಂತ ಆರಿಹೋಯಿತು. ಹಾಗಾದರೆ ಬೆಂದಿದೆ ಅಂತ. ಮೊಟ್ಟೆ ಇಲ್ಲದ ಸಣ್ಣ ಮಡಕೆ ಅತ್ತೆಗೆ ಬೇರೆ ಇತ್ತು.

ಬಾಳೆಲೆಯ ಮೇಲೆ ಸುರಿದಾಗ ಹೊಗೆಯ ಜೊತೆ ಸ್ವಲ್ಪ ಕರ್ಪೂರದಂಥ ವಾಸನೆ. ಅತ್ತೆ ಒಂದು ಕಾಯಿ ಸುಲಿದರು. ಕಾಳನ್ನು ಬಾಯಿಗೆ ಹಾಕುವ ಮುಂಚೆ ಬೆರಳು ಮೂಸಿದರು.

"ಇದು ನಮ್ಮ ಅವರೇಕಾಯಿ ಕಣಮ್ಮ!"

ಹೌದು, ವಾಲ್ ಅಂದರೆ ಅವರೆಯೇ. ನಮ್ಮದಕ್ಕಿಂತ ಕಾಳು ಸಣ್ಣದು, ತುಸು ಕಹಿ. ಅಲ್ಲಿಂದ ಶುರುವಾಯಿತು ನೋಡಿ. ಆ ಅಮ್ಮನಿಗೆ ಕನ್ನಡ ಬರಲ್ಲ, ಅತ್ತೆಗೆ ಮರಾಠಿ ಬರಲ್ಲ. ಹಿತಕಿದಬೇಳೆ ಅಂದರೇನು ಅಂತ ಅತ್ತೆ ಹೆಬ್ಬೆರಳು, ತೋರುಬೆರಳು ಒತ್ತಿ ಹಿತುಕಿ ತೋರಿಸಿದರು. ಅವರಿಗೆ ಅರ್ಥವಾಯಿತು. ಹೊರಡುವಾಗ ಒಂದು ಚೀಲ ಹಸಿಕಾಯಿ ಕೊಟ್ಟರು.

ನಾಲ್ಕೂವರೆಗೆ ಮಾಂಡ್ವಾ ಜೆಟ್ಟಿಯಲ್ಲಿದ್ದೆವು. ಬೆಳಿಗ್ಗೆ ಎದ್ದು ಕಾಣುತ್ತಿದ್ದ ಕಂಬಗಳೆಲ್ಲ ಈಗ ಗಿಡ್ಡ. ಅತ್ತೆ ನೀರನ್ನು ನೋಡಿದರು, ಮಗನ ವಾಚು ನೋಡಿದರು, ಏನೂ ಹೇಳಲಿಲ್ಲ. ದೋಣಿಯಲ್ಲಿ ಮಾತ್ರ ಮೊಮ್ಮಗಳಿಗೆ ಲೆಕ್ಕ ಕೇಳುತ್ತಲೇ ಇದ್ದರು. ಏಕಾದಶಿಗೆ ಎಷ್ಟು? ಎಂಟೂಕಾಲು. ಅಷ್ಟಮಿಗೆ? ಆರು.

ಚೀಲ ಕಿಟಕಿಯ ಹತ್ತಿರ ಇದೆ, ಅಡುಗೆಮನೆಯೆಲ್ಲ ಸೊಗಡು. ಲೈಟ್ ಆರಿಸಿ ಅಂದೆ.

"ಇರಮ್ಮ. ನಾಳೆ ಸಪ್ತಮಿ. ಐದೂಕಾಲಿಗೆ" ಅಂದರು. ಪೆನ್ನು ಹುಡುಕುತ್ತಿದ್ದಾರೆ.